ಮಿನಿಯಾಪೊಲಿಸ್‌ನ ಮೊದಲ ಚಳಿಗಾಲ: ಹಿಮದಲ್ಲಿ ಓಡೋದು ಹೇಗೆ, ಬನ್ನಿನ ಹಿಟ್ಟು ಉಬ್ಬಿಸೋದು ಹೇಗೆ?

ಕುಕ್ಕರಹಳ್ಳಿ_ಓಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು, ಆಗಸ್ಟ್‌ನಲ್ಲಿ ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದೆವು. ಊರಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತ ಓಡದೆ ನನಗೆ ಬೆಳಗಾಗುತ್ತಲೇ ಇರಲಿಲ್ಲ. ಇಲ್ಲಿ ಮನೆ ಹುಡುಕುವಾಗಲೂ ಕೆರೆ ಹತ್ತಿರವೇ ಇರಬೇಕು ಅಂತ ಹಟ ಹಿಡಿದು, ಲೇಕ್ ಹ್ಯಾರಿಯಟ್‌ಗೆ ನಡೆದು ಹೋಗುವಷ್ಟು ದೂರದಲ್ಲಿ ಬಾಡಿಗೆ ಮನೆ ಮಾಡಿದೆವು. ಅಕ್ಟೋಬರ್ ಮುಗಿಯುವವರೆಗೆ ಯಾವ ತೊಂದರೆಯೂ ಇರಲಿಲ್ಲ. ಈಗ ಎಲ್ಲೆಲ್ಲೂ ಹಿಮ. ಇವತ್ತು ಬೆಳಿಗ್ಗೆ ಮೈನಸ್ 14 ಡಿಗ್ರಿ ಸೆಲ್ಸಿಯಸ್ ಇತ್ತು. ಏಳೂ ಮುಕ್ಕಾಲಾದರೂ ಸೂರ್ಯ ಕಾಣಿಸಲ್ಲ, ಸಂಜೆ ನಾಲ್ಕೂವರೆಗೆ ಮತ್ತೆ ಕತ್ತಲು.

ನಮ್ಮ ಯಜಮಾನರು ಟ್ರೆಡ್‌ಮಿಲ್ ತಗೊಳ್ಳೋಣ ಅಂತಿದ್ದಾರೆ. ಆದರೆ ಈ ಚಳಿಯಲ್ಲೂ ರಸ್ತೆಯಲ್ಲಿ ಓಡಿ ಹೋಗುವವರನ್ನು ದಿನಾ ಕಿಟಕಿಯಿಂದ ನೋಡ್ತೀನಿ. ಅರವತ್ತು ದಾಟಿದವರೂ ಇದ್ದಾರೆ. ಅವರಿಗೆ ಸಾಧ್ಯ ಅಂದಮೇಲೆ ಕಲಿತರೆ ನನಗೂ ಆಗಬೇಕಲ್ಲ. ಜೂನ್‌ನಲ್ಲಿ ಡುಲೂತ್‌ನ ಗ್ರ್ಯಾಂಡ್‌ಮಾಸ್ ಮ್ಯಾರಥಾನ್ ಜೊತೆಗೆ ನಡೆಯುವ ಹಾಫ್ ಮ್ಯಾರಥಾನ್ ಓಡಬೇಕು ಅಂತ ಮನಸ್ಸಿದೆ. ಅಂದರೆ ಫೆಬ್ರವರಿ, ಮಾರ್ಚ್ ಪೂರ್ತಿ ತಯಾರಿ ನಡೆಯಲೇಬೇಕು.

ಇನ್ನೊಂದು ಪ್ರಶ್ನೆ ಅಡುಗೆಮನೆಯದು. ಮಕ್ಕಳಿಗೆ ವಿ.ವಿ. ಪುರಂನ ಅಯ್ಯಂಗಾರ್ ಬೇಕರಿ ಖಾರ ಬನ್ ಅಂದರೆ ಪ್ರಾಣ. ಮೈಸೂರಲ್ಲಿ ಮನೆಯಲ್ಲೇ ಮಾಡ್ತಿದ್ದೆ, ಹಿಟ್ಟು ಒಂದು ಗಂಟೆಯಲ್ಲಿ ಎರಡರಷ್ಟಾಗುತ್ತಿತ್ತು. ಇಲ್ಲಿ ಅದೇ ಅಳತೆ, ಹೊಸ ಈಸ್ಟ್, ಎರಡು ಗಂಟೆ ಕಳೆದರೂ ಹಿಟ್ಟು ಇದ್ದ ಹಾಗೇ ಇರುತ್ತೆ. ಮೇಲುಗಡೆ ಒಣಗಿ ಸಿಪ್ಪೆ ಬೇರೆ ಕಟ್ಟುತ್ತೆ. ಚಳಿ ದೇಶದಲ್ಲಿ ಇರುವವರು ದಯವಿಟ್ಟು ಹೇಳಿಕೊಡಿ.

ಹುಬ್ಬಳ್ಳಿ_ಎಡ್ಮಂಟನ್:

ಹೊರಗ ಓಡೂದು ಬಿಡಬ್ಯಾಡ್ರಿ ಅಕ್ಕಾರ. ನಾ ಕೆನಡಾದಾಗ ಎಡ್ಮಂಟನ್‌ನ್ಯಾಗ ಇರ್ತೀನಿ, ನಿಮ್ಮೂರಿಗಿಂತ ಉತ್ತರಕ್ಕ. ಮೈನಸ್ 14 ಅಂದ್ರ ಇಲ್ಲಿ ಓಡಾಕ ಚಲೋ ದಿನಾ ಅಂತಾರ. ಆದ್ರ ಒಂದು ಮಾತು ನೆನಪಿಡ್ರಿ: ಫೋನಿನ್ಯಾಗ ಬರೇ ಟೆಂಪರೇಚರ್ ನೋಡಬ್ಯಾಡ್ರಿ, ವಿಂಡ್ ಚಿಲ್ ನೋಡ್ರಿ, ಅಂದ್ರ ಗಾಳಿ ಸೇರಿ ಮೈಗೆ ತಟ್ಟೂ ಚಳಿ. ವಿಂಡ್ ಚಿಲ್ ಮೈನಸ್ 28ಕ್ಕಿಂತ ಕೆಳಗ ಹೋತಂದ್ರ 10ರಿಂದ 30 ನಿಮಿಷದಾಗ ತೆರೆದ ಚರ್ಮ ಮರಗಟ್ಟಬಹುದು ಅಂತ ಕೆನಡಾ ಸರ್ಕಾರದವ್ರ ಪಟ್ಟಿನೇ ಹೇಳ್ತದ. ನಾ ಅಂಥಾ ದಿನಾ ಜಿಮ್‌ಗೆ ಹೋಗ್ತೀನಿ, ಅದರಾಗೇನು ಸೋಲಿಲ್ಲ.

ಕೈಗೆ ಬೆರಳಿನ ಗ್ಲೌಸ್ ಬ್ಯಾಡ, ನಾಕೂ ಬೆರಳು ಒಂದ ಚೀಲದಾಗ ಕೂಡೂ ಅಂಥಾ ಮಿಟನ್ ತಗೋರಿ. ಬೆರಳು ಒಂದಕ್ಕೊಂದು ಹತ್ತಿದ್ರ ಬೆಚ್ಚಗಿರ್ತಾವ. ಮೂಗಿಗೆ, ಗಲ್ಲಕ್ಕ ತೆಳ್ಳಗ ವ್ಯಾಸಲೀನ್ ಹಚ್ಚಿಕೊಂಡು ಹೋಗ್ರಿ, ಚರ್ಮ ಒಡ್ಯಾಂಗಿಲ್ಲ. ಆದ್ರ ಅದು ಹಚ್ಚಿದ್ರ ಚಳಿ ತಟ್ಟಂಗಿಲ್ಲ ಅಂತ ಅಲ್ಲ, ಮಾರಿಗೆ ಬಟ್ಟಿ ಬೇಕ ಬೇಕು.

ಬನ್ನಿನ ವಿಷಯ ಬಲ್ಲವ್ರು ಹೇಳ್ಲಿ. ನಾ ಈ ಚಳಿಯಾಗ ಜ್ವಾಳದ ಹಿಟ್ಟು, ತುಪ್ಪ ಹಾಕಿ ನಾನಖಟಾಯಿ ಮಾಡ್ತೀನಿ. ಅದಕ್ಕ ಉಬ್ಬೂ ಚಿಂತಿನೇ ಇಲ್ಲ, ತಂಪಿನ್ಯಾಗ ತುಪ್ಪ ಗಟ್ಟಿ ಇರೂದ್ರಿಂದ ಆಕಾರ ಇನ್ನೂ ಛಲೋ ಬರ್ತದ.

ತಿಪಟೂರು_ಮಿನಿಸೋಟ:

ನಮಸ್ಕಾರ. ನಾನೂ ಅದೇ ಹ್ಯಾರಿಯಟ್ ಸುತ್ತ ಓಡುವವಳು. ಮೂಲ ತಿಪಟೂರು, ಇಲ್ಲಿನ ಚಳಿಗಾಲಗಳು ನನಗೆ ಚೆನ್ನಾಗಿ ಪರಿಚಯ. ಟ್ರೆಡ್‌ಮಿಲ್‌ಗೆ ದುಡ್ಡು ಹಾಕುವ ಮುಂಚೆ ಇದನ್ನೊಮ್ಮೆ ಓದಿ. ಸ್ವಲ್ಪ ಉದ್ದವಾಗುತ್ತೆ, ಯಾಕೆಂದರೆ ಇದು ನನಗೆ ತುಂಬಾ ಇಷ್ಟದ ವಿಷಯ.

ನಿಮ್ಮ ಎರಡೂ ಪ್ರಶ್ನೆಗೆ ನನ್ನ ಉತ್ತರ ಒಂದೇ. ಗಡಿಯಾರವನ್ನು ಪಕ್ಕಕ್ಕಿಡಿ. ಕಿಲೋಮೀಟರ್‌ಗೆ ಇಷ್ಟು ನಿಮಿಷ, ಹಿಟ್ಟಿಗೆ ಒಂದು ಗಂಟೆ ಅನ್ನೋ ಲೆಕ್ಕವೆಲ್ಲ ಮೈಸೂರಿನ ಹವೆಗೆ ಕೂತ ಲೆಕ್ಕ. ಇಲ್ಲಿ ಓಟಕ್ಕೆ ಗಾಳಿ ಮತ್ತು ನೆಲ ನೋಡಬೇಕು, ಹಿಟ್ಟಿಗೆ ಶಾಖ ನೋಡಬೇಕು.

ಮೊದಲು ಗಾಳಿ. ಮೈನಸ್ 18 ಡಿಗ್ರಿ ಇದ್ದು ಗಂಟೆಗೆ 24 ಕಿ.ಮೀ. ಗಾಳಿ ಬೀಸಿದರೆ ಮೈಗೆ ತಟ್ಟುವುದು ಸುಮಾರು ಮೈನಸ್ 29. ಮೇಲೆ ಹುಬ್ಬಳ್ಳಿಯವರು ಹೇಳಿದ ಗಡಿ ಅಲ್ಲಿಗೆ ದಾಟಿತು. ಮನೆಯಿಂದ ಹೊರಟಾಗ ಗಾಳಿಗೆ ಎದುರಾಗಿ ಓಡಿ, ವಾಪಸ್ ಬರುವಾಗ ಅದು ಬೆನ್ನಿಗಿರಲಿ. ತಿರುಗಾ ಮುರುಗಾ ಮಾಡಿದರೆ ಬೆವರಿದ ಮೈಗೆ ಎದುರುಗಾಳಿ ಹೊಡೆಯುತ್ತೆ, ಅದೇ ನಿಜವಾದ ಅಪಾಯ. ಹ್ಯಾರಿಯಟ್ ಸುತ್ತು ಸುಮಾರು 4.5 ಕಿ.ಮೀ. ಕೆರೆ ಹೆಪ್ಪುಗಟ್ಟಿ ಬಟ್ಟಬಯಲಾದ ಮೇಲೆ ಗಾಳಿಗೆ ಅಡ್ಡವೇ ಇರಲ್ಲ, ಸುತ್ತಿನಲ್ಲಿ ಎಲ್ಲೋ ಒಂದು ಕಡೆ ಅದು ಮುಖಕ್ಕೆ ರಾಚಲೇಬೇಕು. ಅಂಥ ದಿನ ನಾನು ಕೆರೆ ಬಿಟ್ಟು ಮಿನ್ನೆಹಾಹಾ ಕ್ರೀಕ್ ದಾರಿ ಹಿಡಿಯುತ್ತೇನೆ. ಹಳ್ಳ ತಗ್ಗಿನಲ್ಲಿದೆ, ಎರಡೂ ಕಡೆ ಮರಗಳು, ಗಾಳಿ ಅರ್ಧಕ್ಕರ್ಧ ಕಡಿಮೆ. ಪೂರ್ವಕ್ಕೆ ಹೋಗ್ತಾ ಹೋದರೆ ಕೊನೆಗೆ 16 ಮೀಟರ್ ಎತ್ತರದ ಮಿನ್ನೆಹಾಹಾ ಜಲಪಾತ ಸಿಗುತ್ತೆ. ಜನವರಿಯಲ್ಲಿ ಅದು ಪೂರಾ ಹೆಪ್ಪುಗಟ್ಟಿ ನೀಲಿ ಮಂಜುಗಡ್ಡೆಯ ಗೋಡೆಯಾಗಿರುತ್ತೆ. ಒಮ್ಮೆ ನೋಡಲೇಬೇಕು. ಆದರೆ ಅಷ್ಟು ದೂರವನ್ನು ಮೊದಲ ತಿಂಗಳಲ್ಲೇ ಹಿಡಿಯಬೇಡಿ.

ಆಮೇಲೆ ನೆಲ. ಹಿಮ ನೋಡಿ ಹೆದರಬೇಡಿ. ತುಳಿದು ಗಟ್ಟಿಯಾದ ಒಣ ಹಿಮದ ಮೇಲೆ ಕಾಲು ಚೆನ್ನಾಗಿ ಹಿಡಿಯುತ್ತೆ, ಮೊಣಕಾಲಿಗೂ ಟಾರ್ ರಸ್ತೆಗಿಂತ ಹಿತ. ಹೆದರಬೇಕಾದ್ದು ಕಣ್ಣಿಗೆ ಕಾಣದ ಮಂಜುಗಡ್ಡೆಗೆ. ಒದ್ದೆ ರಸ್ತೆ ತರಹ ಕಪ್ಪಗೆ ಹೊಳೆಯುತ್ತೆ, ಕಾಲಿಟ್ಟರೆ ಜಾರುತ್ತೆ. ಹೊರಗೆ ಮೈನಸ್ 10 ಇದ್ದಾಗ ರಸ್ತೆ ಒದ್ದೆಯಾಗಿ ಕಂಡರೆ ಅದು ನೀರಲ್ಲ ಅಂತಲೇ ತಿಳಿಯಿರಿ. ಊರಿನವರು ಉಪ್ಪು ಚೆಲ್ಲಿರುತ್ತಾರೆ ನಿಜ, ಆದರೆ ನೆಲ ಸುಮಾರು ಮೈನಸ್ 9 ಡಿಗ್ರಿಗಿಂತ ತಣ್ಣಗಾದ ಮೇಲೆ ಮಾಮೂಲಿ ಉಪ್ಪು ಹೆಚ್ಚು ಕೆಲಸ ಮಾಡಲ್ಲ. ಶೂ ಮೇಲೆ ರಬ್ಬರ್‌ನಂತೆ ಎಳೆದು ಹಾಕಿಕೊಳ್ಳುವ, ಅಡಿಯಲ್ಲಿ ಪುಟ್ಟ ಲೋಹದ ಮೊಳೆಗಳಿರುವ ಸ್ಪೈಕ್ ಸಿಗುತ್ತೆ. ಈ ಚಳಿಗಾಲದಲ್ಲಿ ಒಂದೇ ಒಂದು ವಸ್ತು ಕೊಳ್ಳೋದಾದರೆ ಅದನ್ನೇ ಕೊಳ್ಳಿ. ತೀರಾ ಕೆಟ್ಟ ಕಾಲ ಜನವರಿ ಅಲ್ಲ, ಮಾರ್ಚ್. ಹಗಲು ಕರಗಿದ ನೀರು ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ದಾರಿಯೆಲ್ಲ ಗಾಜು. ಆಗ ಮಧ್ಯಾಹ್ನ ಓಡಿ.

ಕೆರೆಯ ಮೇಲೇ ಓಡುವವರು, ಮೀನು ಹಿಡಿಯುವವರು ಕಾಣಿಸುತ್ತಾರೆ. ಹೊಸದಾಗಿ ಹೆಪ್ಪುಗಟ್ಟಿದ ಸ್ವಚ್ಛ ಮಂಜುಗಡ್ಡೆ ಕನಿಷ್ಠ 4 ಇಂಚು ದಪ್ಪ ಇಲ್ಲದೆ ಅದರ ಮೇಲೆ ನಡೆಯಲೂ ಬಾರದು ಅಂತ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತೆ. ನೀವು ದಡದ ದಾರಿಯಲ್ಲೇ ಇರಿ. ಪಾರ್ಕಿನವರು ಹಿಮ ಬಿದ್ದ ಮೇಲೆ ಅದನ್ನು ಗುಡಿಸಿ ಕೊಡುತ್ತಾರೆ, ಆ ಕೆಲಸಕ್ಕೆ ನಾನು ಈ ಊರಿಗೆ ಯಾವತ್ತೂ ಋಣಿ.

ಬಟ್ಟೆ ವಿಷಯ ಚಿಕ್ಕದಾಗಿ ಹೇಳ್ತೀನಿ. ಹತ್ತಿ ಬೇಡವೇ ಬೇಡ, ಬೆವರು ಕುಡಿದು ಮೈಗೆ ಅಂಟಿ ತಣ್ಣಗಾಗುತ್ತೆ. ಮೈಗೆ ತಾಗುವುದು ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೊಂದು ಬೆಚ್ಚನೆಯದು, ಹೊರಗೆ ಗಾಳಿ ತಡೆಯುವ ತೆಳು ಜಾಕೆಟ್. ಥರ್ಮಾಮೀಟರ್ ತೋರಿಸುವುದಕ್ಕಿಂತ ಹತ್ತು ಡಿಗ್ರಿ ಹೆಚ್ಚಿದೆ ಅಂದುಕೊಂಡು ಹಾಕಿಕೊಳ್ಳಿ. ಬಾಗಿಲು ದಾಟಿದ ಮೊದಲ ಹತ್ತು ನಿಮಿಷ ಚಳಿ ಆಗಬೇಕು. ಆಗದಿದ್ದರೆ ಒಂದು ಪದರ ಜಾಸ್ತಿಯಾಗಿದೆ ಅಂತ ಅರ್ಥ. ಬಾಯಿಗೆ, ಮೂಗಿಗೆ ತೆಳು ಬಟ್ಟೆಯ ಕತ್ತುಪಟ್ಟಿ ಎಳೆದುಕೊಳ್ಳಿ, ಒಣ ತಂಪುಗಾಳಿ ನೇರ ಎದೆಗೆ ಹೋಗಿ ಕೆಮ್ಮು ಬರುವುದು ತಪ್ಪುತ್ತೆ. ಉಬ್ಬಸ ಇದ್ದರೆ ಡಾಕ್ಟರನ್ನು ಕೇಳದೆ ಹೊರಡಬೇಡಿ. ಫೋನ್ ಒಳಜೇಬಿನಲ್ಲಿರಲಿ, ಹೊರಜೇಬಿನಲ್ಲಿಟ್ಟರೆ ಬ್ಯಾಟರಿ ಸತ್ತುಹೋಗುತ್ತೆ. ಮೂಗಿನ ತುದಿ, ಕಿವಿ, ಬೆರಳು ಬಿಳಿಚಿಕೊಂಡು ಸ್ಪರ್ಶ ತಿಳಿಯದಂತಾದರೆ ತಕ್ಷಣ ಒಳಗೆ ಬನ್ನಿ. ತಿಕ್ಕಬೇಡಿ, ಒಲೆಗೂ ಹಿಡಿಯಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿಡಿ. ಸ್ಪರ್ಶ ಬರದಿದ್ದರೆ ಆಸ್ಪತ್ರೆಗೆ.

ವೇಗ ಮರೆತುಬಿಡಿ. ಜೊತೆಯವರ ಹತ್ತಿರ ಮಾತಾಡಿಕೊಂಡು ಓಡುವಷ್ಟು ಉಸಿರಿದ್ದರೆ ಅದೇ ಸರಿಯಾದ ವೇಗ. ಡುಲೂತ್‌ಗೆ ಬೇಕಾದ ವೇಗ ಏಪ್ರಿಲ್, ಮೇನಲ್ಲಿ ಬರುತ್ತೆ. ಚಳಿಗಾಲದಲ್ಲಿ ಕಟ್ಟಬೇಕಾದ್ದು ದಮ್ಮು ಮಾತ್ರ.

ಇನ್ನು ಹಿಟ್ಟು. ನಿಮ್ಮ ಅಡುಗೆಮನೆ ಈಗ 18 ಡಿಗ್ರಿ ಇರಬಹುದು, ಮೈಸೂರಿನದು 27. ಈಸ್ಟ್ ಸತ್ತಿಲ್ಲ, ನಿಧಾನವಾಗಿದೆ ಅಷ್ಟೇ. ಎರಡು ಗಂಟೆಗೆ ಆಗದ್ದು ನಾಲ್ಕು ಗಂಟೆಗೆ ಆಗುತ್ತೆ. ನಾನು ಈ ನಿಧಾನವನ್ನೇ ಓಟಕ್ಕೆ ಹೊಂದಿಸಿಕೊಂಡಿದ್ದೇನೆ. ರಾತ್ರಿ ಊಟವಾದ ಮೇಲೆ ಈಸ್ಟ್ ತುಂಬಾ ಕಡಿಮೆ ಹಾಕಿ ನಾದಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕಟ್ಟೆ ಮೇಲೇ ಬಿಡುತ್ತೇನೆ. ರಾತ್ರಿ ಹೀಟರ್ ಇಳಿಸುವುದರಿಂದ ಮನೆ 17 ಡಿಗ್ರಿಗೆ ಬರುತ್ತೆ. ಬೆಳಿಗ್ಗೆ ಏಳುವ ಹೊತ್ತಿಗೆ ಹಿಟ್ಟು ಡಬ್ಬಿಯ ಅಂಚಿಗೆ ಬಂದಿರುತ್ತೆ, ರುಚಿಯೂ ಒಂದು ಗಂಟೆಯ ಹಿಟ್ಟಿಗಿಂತ ಎಷ್ಟೋ ಮೇಲು. ಉಂಡೆ ಕಟ್ಟಿ ಟ್ರೇಯಲ್ಲಿಟ್ಟು, ಓವನ್ ಹಚ್ಚದೆ ಅದರೊಳಗಿನ ದೀಪ ಮಾತ್ರ ಹಾಕಿ, ಪಕ್ಕದಲ್ಲಿ ಒಂದು ಲೋಟ ಬಿಸಿನೀರಿಟ್ಟು ಬಾಗಿಲು ಮುಚ್ಚಿ ಓಡಲು ಹೊರಡುತ್ತೇನೆ. ಓವನ್ ಗುಂಡಿಯ ಮೇಲೆ ‘ಒಳಗೆ ಬನ್ ಇದೆ, ಹಚ್ಚಬೇಡಿ’ ಅಂತ ಚೀಟಿ ಅಂಟಿಸಿರುತ್ತೇನೆ. ಬಂದ ಮೇಲೆ ಟ್ರೇ ಹೊರಗೆ, ಓವನ್ ಆನ್, ಅದು ಕಾಯುವಷ್ಟರಲ್ಲಿ ನನ್ನ ಸ್ನಾನ. ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಗುಳಿ ನಿಧಾನವಾಗಿ, ಅರೆಬರೆ ಮೇಲೆ ಬಂದರೆ ಬೇಯಿಸಬಹುದು. ಚಟ್ಟನೆ ಬಂದರೆ ಇನ್ನೂ ಕಾಯಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ಓವನ್ ಹಚ್ಚಿಟ್ಟು ಮಾತ್ರ ಹೋಗಬೇಡಿ.

ಮೇಲಿನ ಸಿಪ್ಪೆಗೆ ಕಾರಣ ಹೀಟರ್. ಹೊರಗಿನ ತಣ್ಣನೆ ಗಾಳಿಯಲ್ಲಿ ನೀರಿನಂಶವೇ ಇರಲ್ಲ, ಅದನ್ನು ಬಿಸಿ ಮಾಡಿದರೆ ಮನೆ ಮತ್ತಷ್ಟು ಒಣ. ಒದ್ದೆ ಬಟ್ಟೆ ಮುಚ್ಚಿದರೂ ಅರ್ಧ ಗಂಟೆಗೆ ಒಣಗುತ್ತೆ. ಎಣ್ಣೆ ಸವರಿ ಗಾಳಿಯಾಡದ ಮುಚ್ಚಳ ಹಾಕಿ.

ಒಂದು ಸಲಹೆ ಕೊಡಲೇಬೇಕು. ಯಾವುದಾದರೂ ಭಾನುವಾರ ಡೌನ್‌ಟೌನ್ ಕಡೆ ಮಿಸಿಸಿಪಿ ದಡದಲ್ಲಿ ಓಡಿ. ಕಲ್ಲುಕಮಾನಿನ ಸ್ಟೋನ್ ಆರ್ಚ್ ಸೇತುವೆ 1883ರದು, ಹಿಂದೆ ಅದರ ಮೇಲೆ ರೈಲು ಓಡುತ್ತಿತ್ತು. ಒಂದು ದಡದಲ್ಲಿ ‘ಗೋಲ್ಡ್ ಮೆಡಲ್ ಫ್ಲೋರ್’ ಅನ್ನೋ ಗೋಧಿಹಿಟ್ಟಿನ ಬ್ರಾಂಡಿನ ದೊಡ್ಡ ಬೋರ್ಡು, ಇನ್ನೊಂದು ದಡದಲ್ಲಿ ಪಿಲ್ಸ್‌ಬರಿ ಗಿರಣಿ. ನಮ್ಮೂರ ಅಂಗಡಿಗಳಲ್ಲಿ ಸಿಗುವ ಪಿಲ್ಸ್‌ಬರಿ ಆಟಾದ ಹೆಸರು ಹುಟ್ಟಿದ್ದು ಇಲ್ಲೇ, 1869ರಲ್ಲಿ. 1880ರಿಂದ 1930ರವರೆಗೆ ಜಗತ್ತಿನಲ್ಲಿ ಅತಿ ಹೆಚ್ಚು ಗೋಧಿಹಿಟ್ಟು ಬೀಸುತ್ತಿದ್ದ ಊರು ಮಿನಿಯಾಪೊಲಿಸ್. 1878ರ ಮೇ 2ರಂದು ವಾಶ್‌ಬರ್ನ್ ‘ಎ’ ಗಿರಣಿಯಲ್ಲಿ ಗಾಳಿಯಲ್ಲಿ ತೇಲುತ್ತಿದ್ದ ಹಿಟ್ಟಿನ ಧೂಳಿಗೆ ಬೆಂಕಿ ಹತ್ತಿ ಸ್ಫೋಟವಾಗಿ 18 ಕೆಲಸಗಾರರು ಸತ್ತರು. ಅದೇ ಜಾಗದಲ್ಲಿ ಮತ್ತೆ ಕಟ್ಟಿದ ಗಿರಣಿಯ ಪಾಳುಗೋಡೆಗಳ ಒಳಗೆ ಈಗ ಮ್ಯೂಸಿಯಂ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಈ ಸೀಮೆಯ ಚಳಿಗೆ ಹಿಂಗಾರು ಬಿತ್ತನೆಯ ಗೋಧಿ ಬದುಕುವುದು ಕಷ್ಟ. ಅದಕ್ಕೇ ವಸಂತದಲ್ಲಿ ಬಿತ್ತುವ ಗಟ್ಟಿ ಕೆಂಪು ಗೋಧಿ ಬೆಳೆದರು, ಅದರಲ್ಲಿ ಪ್ರೋಟೀನ್ ಜಾಸ್ತಿ, ಬ್ರೆಡ್ಡಿಗೆ ಅದಕ್ಕಿಂತ ಒಳ್ಳೆ ಹಿಟ್ಟಿಲ್ಲ. ನಿಮ್ಮನ್ನು ಒಳಗೆ ಕೂರಿಸಿದ ಚಳಿಯೇ ಆ ಹಿಟ್ಟನ್ನೂ ಕೊಟ್ಟಿದೆ.

ಹಾಸನ_ಬಾಸ್ಟನ್:

ಮೇಲಿನವರು ಎಲ್ಲಾ ಹೇಳಿದ್ದಾರೆ, ನಾನು ಅಳತೆ ಮಾತ್ರ ಸೇರಿಸ್ತೀನಿ. ನಮ್ಮ ದೊಡ್ಡಪ್ಪ ಬೆಂಗಳೂರಲ್ಲಿ ಬೇಕರಿ ಇಟ್ಟಿದ್ದರು. ಹಾಸನ ಕಡೆಯಿಂದ ಬಂದು ಬೇಕರಿ ಹಾಕಿದ ಅಯ್ಯಂಗಾರ್ ಮನೆತನಗಳು ಬಹಳ, ನಮ್ಮದೂ ಅದರಲ್ಲೊಂದು. ದೊಡ್ಡಪ್ಪ ಹಿಟ್ಟು ಕಲಸುವ ಮುಂಚೆ ನೀರಿಗೆ ಕೈ ಅದ್ದಿ ನೋಡದೆ ಸುರಿಯುತ್ತಿರಲಿಲ್ಲ. ಅದನ್ನೇ ಲೆಕ್ಕದಲ್ಲಿ ಹೇಳಬಹುದು: ನಾದಿದ ಹಿಟ್ಟು 26 ಡಿಗ್ರಿ ಇರಬೇಕು ಅಂದರೆ 26ನ್ನು ಮೂರರಿಂದ ಗುಣಿಸಿ, 78. ಅದರಲ್ಲಿ ಕೋಣೆಯ 18, ಹಿಟ್ಟಿನ ಡಬ್ಬದ 18 ಕಳೆಯಿರಿ. ಕೈ ನಾದುವ ಶಾಖಕ್ಕೆ ಇನ್ನೆರಡು ಬಿಟ್ಟರೆ 40 ಡಿಗ್ರಿ ಹಾಲು. 45 ದಾಟಿಸಬೇಡಿ.

ಒಂಬತ್ತು ಬನ್ನಿಗೆ ಬ್ರೆಡ್ ಫ್ಲೋರ್ (ಪ್ರೋಟೀನ್ ಜಾಸ್ತಿ ಇರುವ ಮೈದಾ) 320 ಗ್ರಾಂ, ಹಾಲು 220 ಗ್ರಾಂ. ಇದರಲ್ಲಿ 20 ಗ್ರಾಂ ಹಿಟ್ಟನ್ನು 100 ಗ್ರಾಂ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಗಂಜಿಯಾಗುವವರೆಗೆ ಕೆದಕಿ, ಆರಲು ಬಿಡಿ. ಇದು ಬೇಕರಿಯ ಪದ್ಧತಿಯಲ್ಲ, ಪೂರ್ವ ಏಷ್ಯಾದವರ ಬ್ರೆಡ್ಡಿನಿಂದ ನಾನು ಕಲಿತದ್ದು. ಒಣ ಹವೆಯಲ್ಲಿ ಬನ್ ಮಾರನೇ ದಿನವೂ ಮೆತ್ತಗಿರಬೇಕಾದರೆ ಇದರಷ್ಟು ಉಪಕಾರ ಬೇರೆ ಯಾವುದೂ ಮಾಡಲ್ಲ. ಉಳಿದಂತೆ ಸಕ್ಕರೆ 25 ಗ್ರಾಂ, ಉಪ್ಪು 6 ಗ್ರಾಂ, ಬೆಣ್ಣೆ 40 ಗ್ರಾಂ. ಇನ್‌ಸ್ಟಂಟ್ ಈಸ್ಟ್ ಅದೇ ದಿನಕ್ಕಾದರೆ 5 ಗ್ರಾಂ, ರಾತ್ರಿ ಬಿಡುವುದಾದರೆ ಕಾಲು ಟೀ ಚಮಚ ಸಾಕು. ಬೆಣ್ಣೆಯನ್ನು ಮೊದಲೇ ಹಾಕಬೇಡಿ, ಹಿಟ್ಟು ನಯವಾದ ಮೇಲೆ ಸ್ವಲ್ಪಸ್ವಲ್ಪವೇ ಸೇರಿಸಿ. ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು, ಜೀರಿಗೆ ಕೊನೆಗೆ. ಈರುಳ್ಳಿಯನ್ನು ಬೆಣ್ಣೆಯಲ್ಲಿ ಬಾಡಿಸಿ ಆರಿಸಿ ಹಾಕಿ, ಹಸಿಯಾಗಿ ಹಾಕಿದರೆ ನೀರು ಬಿಟ್ಟು ಹಿಟ್ಟು ಸಡಿಲವಾಗುತ್ತೆ. 190 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಹೊರಗೆ ತೆಗೆದ ತಕ್ಷಣ ಬೆಣ್ಣೆ ಸವರಿ. ಬೇಕರಿ ಬನ್ನಿನ ಆ ಹೊಳಪು ಬರುವುದು ಆಗಲೇ.

ಕುಕ್ಕರಹಳ್ಳಿ_ಓಟ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಟ್ರೆಡ್‌ಮಿಲ್ ಮಾತು ಮುಂದಕ್ಕೆ ಹಾಕಿದೆವು, ಸ್ಪೈಕ್ ತರಿಸುತ್ತಿದ್ದೇನೆ. ನಮ್ಮ ಯಜಮಾನರು ಹಾಲಿನ ಲೆಕ್ಕ ಓದಿ ಅಡುಗೆಮನೆಗೆ ಥರ್ಮಾಮೀಟರ್ ತಂದುಬಿಟ್ಟಿದ್ದಾರೆ, 17.5 ತೋರಿಸ್ತಿದೆ. ತಿಪಟೂರಿನ ಅಕ್ಕ, ಎರಡು ಸಣ್ಣ ಪ್ರಶ್ನೆ. ಬೆಳಿಗ್ಗೆ ಕತ್ತಲಲ್ಲಿ ಒಬ್ಬಳೇ ಓಡುವುದು ಸರಿಯಾ? ಮತ್ತೆ ಇಂಡಿಯನ್ ಅಂಗಡಿಯಿಂದ ತಂದ ಕರಿಬೇವು ಮನೆಗೆ ಬರುವಷ್ಟರಲ್ಲಿ ಕಪ್ಪಾಗುತ್ತಿದೆ, ಹಳೆಯದನ್ನು ಕೊಡುತ್ತಾರಾ?

ತಿಪಟೂರು_ಮಿನಿಸೋಟ:

ಅಂಗಡಿಯವರ ತಪ್ಪಿಲ್ಲಮ್ಮ. ಅಂಗಡಿ ಬಾಗಿಲಿನಿಂದ ಕಾರಿನವರೆಗಿನ ಚಳಿ, ಆಮೇಲೆ ತಣ್ಣಗಿರುವ ಕಾರಿನ ಸೀಟು, ಇಷ್ಟೇ ಸಾಕು ಎಲೆ ಹೆಪ್ಪುಗಟ್ಟಿ ಕಪ್ಪಾಗಲು. ಕರಿಬೇವು, ಕೊತ್ತಂಬರಿ, ವೀಳ್ಯದೆಲೆ ಮೂರನ್ನೂ ಜಾಕೆಟ್ ಒಳಗೆ ಇಟ್ಟುಕೊಂಡು ಬನ್ನಿ. ಮೊದಲು ಕಾರನ್ನು ಬೆಚ್ಚಗೆ ಮಾಡಿ, ತರಕಾರಿ ಅಂಗಡಿಯನ್ನು ಕೊನೆಯದಾಗಿ ಇಟ್ಟುಕೊಳ್ಳಿ.

ಕತ್ತಲಲ್ಲಿ ಒಬ್ಬರೇ ಬೇಡ, ಈ ವರ್ಷವಂತೂ ಬೇಡ. ಹಿಮದ ದಿಬ್ಬ ರಸ್ತೆ ಬದಿಗೆ ಎತ್ತರಕ್ಕೆ ಬೆಳೆದ ಮೇಲೆ ತಿರುವಿನಲ್ಲಿ ಕಾರಿನವರಿಗೆ ನೀವು ಕಾಣಲ್ಲ, ಬ್ರೇಕ್ ಹಾಕಿದರೂ ಕಾರು ಜಾರುತ್ತೆ. ಹೊಳೆಯುವ ಪಟ್ಟಿಯ ಜಾಕೆಟ್, ತಲೆಗೆ ದೀಪ ಇದ್ದರೂ ರಸ್ತೆ ದಾಟುವಾಗ ನಿಂತು ನೋಡಿ. ವಾರದ ದಿನಗಳಲ್ಲಿ ಆಫೀಸಿನ ಮಧ್ಯಾಹ್ನದ ವಿರಾಮ ಸಿಕ್ಕರೆ ಅದೇ ಒಳ್ಳೇದು, ದಿನದಲ್ಲಿ ಸ್ವಲ್ಪ ಬೆಚ್ಚಗಿರುವ ಹೊತ್ತು ಕೂಡ ಅದೇ. ಶನಿವಾರ ಬೆಳಕಾದ ಮೇಲೆ ನಾವು ಕೆಲವು ಹೆಂಗಸರು ಹ್ಯಾರಿಯಟ್ ದಡದ ಬ್ಯಾಂಡ್‌ಶೆಲ್ (ಸಂಗೀತದ ವೇದಿಕೆ) ಹತ್ತಿರ ಸೇರಿ ನಿಧಾನಕ್ಕೆ ಒಂದು ಸುತ್ತು ಹಾಕುತ್ತೇವೆ. ನನಗೆ ಮೆಸೇಜ್ ಮಾಡಿ, ಹೊತ್ತು ಹೇಳ್ತೀನಿ. ಹಿಂದಿನ ರಾತ್ರಿಯೇ ಹಿಟ್ಟು ನಾದಿಟ್ಟು ಬನ್ನಿ.